ಹನ್ನೊಂದನೇ ಪತ್ರದ ನಾಲ್ಕನೇ ಪ್ಯಾರಾ

ಶನಿವಾರ ಬೆಳಿಗ್ಗೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಆಸ್ಪತ್ರೆಯ ಮೂರನೇ ನಂಬರಿನ ಲಿಫ್ಟು ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಒಳಗೆ ಮೂವರಿದ್ದರು. ಒಬ್ಬರು ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆಯ ಮುಖ್ಯಸ್ಥರು. ಇನ್ನೊಬ್ಬ ಅವರ ಷಡ್ಡಕ. ಲಿಫ್ಟು ಕೆಡುವ ಮೊದಲೇ ಎಚ್ಚರಿಸುವ ಯಂತ್ರವನ್ನು ಮಾರುವ ಕಂಪನಿಯ ಒಡೆಯ. ಮೂರನೆಯವರು ಪಿಂಚಣಿ ನಿಧಿಯೊಂದರ ಹಿರಿಯ ಅಧಿಕಾರಿ. ಬಂಡವಾಳ ಸಂಸ್ಥೆ ಹಾಕುವ ಹಣದಲ್ಲಿ ಅರ್ಧದಷ್ಟು ಈಕೆಯ ನಿಧಿಯಿಂದ ಬರುತ್ತಿತ್ತು. ಲಿಫ್ಟಿನೊಳಗೆ ಗೋಡೆಗೆ ಅಂಟಿಸಿದ್ದ ಷಡ್ಡಕನ ಯಂತ್ರದಲ್ಲಿ ಆಗಲೂ ಹಸಿರು ದೀಪವೇ ಉರಿಯುತ್ತಿತ್ತು.

ನಾಲ್ಕನೇ ಮಹಡಿಯಲ್ಲಿ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದ ಮೆಕ್ಯಾನಿಕ್ಕನ ಮಗಳು ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಈ ನಿಮಿಷಕ್ಕಾಗಿ ಅವಳು ಎರಡು ವರ್ಷ ಏಳು ತಿಂಗಳು ಕಾದಿದ್ದಳು.

ಬಂಡವಾಳ ಸಂಸ್ಥೆಯ ಮುಖ್ಯಸ್ಥರನ್ನು ಹೊಸ ಕಂಪನಿಗಳವರು ತಮ್ಮತಮ್ಮಲ್ಲಿ ‘ನೋಡೋಣ ಸಾಹೇಬರು’ ಎಂದು ಕರೆಯುತ್ತಿದ್ದರು. ಅವರು ಯಾರಿಗೂ ಇಲ್ಲ ಎಂದವರಲ್ಲ. ಇಲ್ಲ ಎಂದರೆ ಬಾಗಿಲು ಮುಚ್ಚಿದಂತೆ. ನಾಳೆ ಆ ಕಂಪನಿ ಮೇಲೆದ್ದರೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಹಾಗಾಗಿ ಎಲ್ಲರ ಮೂಗಿಗೂ ತುಪ್ಪ ಸವರಿ ಇಟ್ಟಿರುತ್ತಿದ್ದರು.

ಮೂರು ವರ್ಷದ ಹಿಂದೆ ಮೆಕ್ಯಾನಿಕ್ಕನ ಮಗಳು ಹನ್ನೆರಡನೇ ಮಹಡಿಯಲ್ಲಿದ್ದ ಅವರ ಕಚೇರಿಗೆ ಐದು ಬಾರಿ ಹೋಗಿದ್ದಳು. ಅವಳ ತಂದೆ ಮೂವತ್ತನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಎಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದರು. ಆ ಕಿವಿಯ ಕೆಲಸವನ್ನು ಅಂಗೈಯಗಲದ ಯಂತ್ರಕ್ಕೆ ಕಲಿಸುವುದು ಮಗಳ ಕಂಪನಿಯ ಉದ್ದೇಶ. ಮೊದಲ ಭೇಟಿಯಲ್ಲಿ ನೋಡೋಣ ಸಾಹೇಬರು ಕೇಳಿದ್ದು ಗಿರಾಕಿಗಳ ಪಟ್ಟಿ. ಎರಡನೆಯದರಲ್ಲಿ ಯಂತ್ರದ ನಕ್ಷೆ. ನಾಲ್ಕನೆಯದರಲ್ಲಿ ಯಂತ್ರಕ್ಕೆ ಪಾಠ ಹೇಳಲು ತಂದೆಯೇ ಧ್ವನಿಮುದ್ರಿಸಿಕೊಟ್ಟಿದ್ದ ಲಿಫ್ಟುಗಳ ಮುನ್ನೂರ ಹದಿನೆಂಟು ಸದ್ದು. ‘ಪರಿಶೀಲನೆಗೆ’ ಎಂದರು. ಕೊಟ್ಟಳು. ಎಲ್ಲರೂ ಕೊಡುತ್ತಿದ್ದರು.

ಮೂರನೇ ಭೇಟಿಗೆ ತಂದೆಯನ್ನೂ ಕರೆಸಿದ್ದರು.

“ಅಂಕಲ್, ನಮ್ಮ ಲಿಫ್ಟು ಹೇಗಿದೆ ಹೇಳಿ ನೋಡೋಣ.”

ತಂದೆ ಲಿಫ್ಟಿನ ಗೋಡೆಗೆ ಸ್ಕ್ರೂಡ್ರೈವರು ಒತ್ತಿ ಕೇಳುತ್ತ ಹನ್ನೆರಡು ಮಹಡಿ ಇಳಿದು ಹತ್ತಿದರು. “ಎಡಗಡೆ ಕಂಬಿ ಮೇಲೆ ಜಾರೋ ಪಟ್ಟಿ ಸವೆದಿದೆ ಸಾರ್. ಈಗಲೇ ಬದಲಾಯಿಸಿದ್ರೆ ಸಣ್ಣ ಕೆಲಸ. ಬಿಟ್ಟರೆ ಕಂಬೀನೇ ಕೆರೆಯುತ್ತೆ,” ಎಂದರು. ಸಾಹೇಬರು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಗೆ ಇರಬಹುದೆಂದು ತಂದೆ ಸ್ವಲ್ಪ ಹೊತ್ತು ಹೆಚ್ಚಿಗೇ ನಿಂತರು.

ಆ ವಿಡಿಯೋ ಎರಡು ತಿಂಗಳ ನಂತರ ಬಂಡವಾಳ ಸಂಸ್ಥೆಯ ವಾರ್ಷಿಕ ಕೂಟದಲ್ಲಿ ದೊಡ್ಡ ಪರದೆಯ ಮೇಲೆ ಬಂತು. ಮುದುಕನೊಬ್ಬ ಕಣ್ಣು ಮುಚ್ಚಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಾನೆ. “ನಮ್ಮ ಕಷ್ಟ ನಿಮಗೆ ಗೊತ್ತಿಲ್ಲ. ಗೋಡೆ ಜೊತೆ ಮಾತಾಡೋರೂ ದುಡ್ಡು ಕೇಳೋಕೆ ಬರ್ತಾರೆ,” ಎಂದರು ಸಾಹೇಬರು. ಸಭೆ ನಕ್ಕಿತು. ಕೂಟಕ್ಕೆ ಬಂದಿದ್ದವರೊಬ್ಬರು ಅದನ್ನು ಇನ್ನೊಬ್ಬರಿಗೆ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಿ, ಕೊನೆಗೆ ಅದು ತಂದೆಯ ಫೋನಿಗೇ ಬಂದು ಮುಟ್ಟಿತು. ಅವರು ಅಂದಿನಿಂದ ಯಾರಾದರೂ ಹತ್ತಿರವಿದ್ದರೆ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿಯುವುದನ್ನು ನಿಲ್ಲಿಸಿದರು.

ಐದನೇ ಭೇಟಿಯ ನಂತರ ಸಾಹೇಬರ ಕಡೆಯಿಂದ ಸುದ್ದಿ ಇಲ್ಲ. ಆರು ವಾರಕ್ಕೆ, ಸಾಹೇಬರೇ ಬಂಡವಾಳ ಹಾಕಿದ್ದ ಷಡ್ಡಕನ ಕಂಪನಿಯ ಜಾಹೀರಾತು ಬಂತು. ಅದೇ ಯಂತ್ರ, ಅದೇ ಅಳತೆ. ಜಾಹೀರಾತಿನ ಹನ್ನೊಂದನೇ ಸೆಕೆಂಡಿನಲ್ಲಿ ಮಾದರಿಗೆಂದು ಒಂದು ಲಿಫ್ಟಿನ ಸದ್ದು ಕೇಳಿಸುತ್ತಿತ್ತು. ಅದರ ಕೊನೆಯಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, “ಹ್ಞಾಂ, ಆಯ್ತು, ಬಾಗಿಲು ಹಾಕು,” ಎನ್ನುತ್ತಿದ್ದರು.

ಮಗಳು ಅದನ್ನು ಮೂರು ಸಲ ಹಾಕಿ ಕೇಳಿದಳು. “ಅಪ್ಪಾ, ಇಲ್ಲಿ ಬಾ. ಇದು ಯಾರು?”

ತಂದೆ ಕೇಳಿದರು. “ನಾನೇ ಕಣಮ್ಮ. ಗೆದ್ದಲು ಹುತ್ತ ಕಟ್ಟುತ್ತೆ, ಹಾವು ಬಂದು ಸೇರ್ಕೊಳ್ಳುತ್ತೆ. ಹೊಸದೇನು?”

“ಈ ಸಲ ಹಾವಿಗೆ ಹೊಸದು ತೋರಿಸ್ತೀನಿ,” ಎಂದಳು ಮಗಳು.

ವಕೀಲರು ಕಡತ ನೋಡಿ, ಸಾಬೀತು ಮಾಡುವಷ್ಟರಲ್ಲಿ ನಿಮ್ಮ ಕಂಪನಿಯೇ ಇರುವುದಿಲ್ಲ ಎಂದರು. ಬೇರೆ ದಾರಿ ಹೇಳಿದ್ದು ಇನ್ನೊಬ್ಬ ಹೂಡಿಕೆದಾರರು, ವಯಸ್ಸಾದ ಹೆಂಗಸು. ಮೊದಲ ಭೇಟಿಯಲ್ಲೇ “ಇಲ್ಲಮ್ಮ, ಈಗ ಆಗಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿದವರು. ಬಾಗಿಲವರೆಗೆ ಬಂದು ಸೇರಿಸಿದ್ದರು: “ಆದ್ರೆ ತಿಂಗಳಿಗೊಂದು ಪತ್ರ ಹಾಕ್ತಿರು. ಏನು ಗೆದ್ದೆ, ಏನು ಸೋತೆ, ಎರಡೂ ಬರಿ. ನಂಬಿಕೆ ಅನ್ನೋದು ಒಂದು ಭೇಟಿಗೆ ಹುಟ್ಟಲ್ಲ.”

ಅವಳು ಬರೆಯತೊಡಗಿದಳು. ಪ್ರತಿ ತಿಂಗಳ ಮೊದಲ ದಿನ, ಒಂದೂವರೆ ಪುಟ, ಒಂದೇ ಪತ್ರ ಎಲ್ಲ ಹೂಡಿಕೆದಾರರಿಗೂ. ವಿಳಾಸಗಳ ಪಟ್ಟಿಯಿಂದ ನೋಡೋಣ ಸಾಹೇಬರನ್ನು ತೆಗೆಯಲಿಲ್ಲ.

“ಅವರಿಗ್ಯಾಕೆ?” ಎಂದು ತಂದೆ ಕೇಳಿದರು.

“ಇರಲಿ. ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತೆ.”

ಹತ್ತನೇ ಪತ್ರ ಹೋದ ವಾರ ಅವಳ ಯಂತ್ರ ಒಂದು ತಪ್ಪು ಮಾಡಿತು. ರಜೆಯ ದಿನ, ಮುಚ್ಚಿದ್ದ ಗ್ರಂಥಾಲಯವೊಂದರಲ್ಲಿ, ನರಳುತ್ತಿದ್ದ ಲಿಫ್ಟಿಗೆ ಹಸಿರು ದೀಪ ತೋರಿಸಿತು. ಏಕೆಂದು ತಿಳಿಯಲಿಲ್ಲ. ತಂದೆ ತಾವೇ ಮುದ್ರಿಸಿದ್ದ ಸದ್ದುಗಳನ್ನು ಒಂದೊಂದಾಗಿ ಕೇಳುತ್ತ ಕೂತರು. ಮೂರನೇ ದಿನ ಮಧ್ಯಾಹ್ನ ಕಿವಿಯಿಂದ ಹೆಡ್‌ಫೋನು ತೆಗೆದರು.

“ತಪ್ಪು ನಂದೇ. ಇದರಲ್ಲಿ ಲಿಫ್ಟಿಗಿಂತ ಜನಾನೇ ಜಾಸ್ತಿ ಕೇಳಿಸ್ತಾರೆ.”

ತಂದೆಯ ಕೆಲಸಕ್ಕೆ ಒಂದು ಕ್ರಮವಿತ್ತು. ದೂರು ಬರುವುದು ಹಗಲಿನಲ್ಲಿ, ಕಟ್ಟಡ ತುಂಬಿರುವಾಗ. ಆಗ ಹೋಗಿ ಕೆಟ್ಟ ಲಿಫ್ಟನ್ನು ಕೇಳುತ್ತಿದ್ದರು, ರಿಪೇರಿ ಮಾಡುತ್ತಿದ್ದರು. ಆದರೆ ಮರುದಿನ ನಸುಕಿನಲ್ಲಿ, ಕಟ್ಟಡ ಖಾಲಿ ಇರುವಾಗ, ಇನ್ನೊಮ್ಮೆ ಹೋಗಿ ಕೇಳದೆ ಕೆಲಸ ಮುಗಿಯಿತು ಎನ್ನುತ್ತಿರಲಿಲ್ಲ. ಎರಡು ಹೊತ್ತಿನಲ್ಲೂ ಸದ್ದು ಮುದ್ರಿಸಿದ್ದರು. ಹೀಗಾಗಿ ಮುನ್ನೂರ ಹದಿನೆಂಟರಲ್ಲಿ ಕೆಟ್ಟ ಲಿಫ್ಟುಗಳ ಹಿಂದೆಲ್ಲ ಜನರ ಗದ್ದಲವಿತ್ತು, ಒಳ್ಳೆಯವುಗಳ ಹಿಂದೆಲ್ಲ ಮೌನ. ಯಂತ್ರ ಕಲಿತದ್ದು ಇಷ್ಟೇ: ಗದ್ದಲವಿದ್ದರೆ ಕೆಂಪು, ಮೌನವಿದ್ದರೆ ಹಸಿರು. ಯಂತ್ರವನ್ನು ಹಗಲಿನಲ್ಲಿ, ದೂರು ಬಂದ ಕಡೆಗಳಲ್ಲೇ ಪರೀಕ್ಷಿಸುತ್ತಿದ್ದರಿಂದ ಈ ಹುಳುಕು ಅಲ್ಲಿಯವರೆಗೆ ಬಯಲಾಗಿರಲಿಲ್ಲ.

ಹನ್ನೊಂದನೇ ಪತ್ರದ ನಾಲ್ಕನೇ ಪ್ಯಾರಾದಲ್ಲಿ ಅವಳು ಇದನ್ನು ಇದ್ದಂತೆಯೇ ಬರೆದಳು. ಮೊದಲ ಮುನ್ನೂರ ಹದಿನೆಂಟು ಧ್ವನಿಗಳನ್ನು ಕೈಬಿಟ್ಟಿದ್ದೇವೆ. ಅವುಗಳಿಂದ ಕಲಿತ ಯಂತ್ರ ಖಾಲಿ ಕಟ್ಟಡದಲ್ಲಿ ಕೆಟ್ಟ ಲಿಫ್ಟನ್ನೂ ಒಳ್ಳೆಯದೆನ್ನುತ್ತದೆ. ಪ್ರತಿ ಲಿಫ್ಟನ್ನೂ ಎರಡೂ ಹೊತ್ತಿನಲ್ಲಿ, ರಿಪೇರಿಗೆ ಮೊದಲೂ ನಂತರವೂ, ಹೊಸದಾಗಿ ಮುದ್ರಿಸುತ್ತಿದ್ದೇವೆ. ಏಳು ತಿಂಗಳು ಹಿಡಿಯುತ್ತದೆ.

ಪತ್ರ ಹೋದ ಎರಡು ನಿಮಿಷಕ್ಕೆ ನೋಡೋಣ ಸಾಹೇಬರಿಂದ ಉತ್ತರ ಬಂತು. ಒಂದು ಹೆಬ್ಬೆರಳಿನ ಚಿತ್ರ.

ಒಂದೂವರೆ ಪುಟವನ್ನು ಎರಡು ನಿಮಿಷದಲ್ಲಿ ಯಾರೂ ಓದಿ ಉತ್ತರಿಸುವುದಿಲ್ಲ. ಆ ತಿಂಗಳ ಕೊನೆಗೆ ಷಡ್ಡಕನ ಯಂತ್ರ ಇನ್ನೂ ಮೂವತ್ತು ಕಟ್ಟಡಗಳಿಗೆ ಹೋಯಿತು. ಏನೂ ಬದಲಾಗಿರಲಿಲ್ಲ. ಇನ್ನೊಮ್ಮೆ ಹೇಳಬಾರದು ಎಂದು ಅವಳು ಆಗ ತೀರ್ಮಾನಿಸಿದಳು. ಅವಳ ಹೊಸ ಯಂತ್ರ ಏಳು ತಿಂಗಳಲ್ಲಿ ಸಿದ್ಧವಾಯಿತು. ಹತ್ತೊಂಬತ್ತನೇ ಪತ್ರ ಓದಿ ಆ ವಯಸ್ಸಾದ ಹೂಡಿಕೆದಾರರು ಫೋನು ಮಾಡಿ, “ಹನ್ನೊಂದನೇದು ಓದಿದಾಗಲೇ ಮನಸ್ಸು ಮಾಡಿದ್ದೆ. ಸೋತಿದ್ದನ್ನ ಬರೆಯೋರು ಕಮ್ಮಿ,” ಎಂದರು. ಬಂಡವಾಳ ಬಂತು.

ಪತ್ರ ಬರೆಯತೊಡಗಿದ ಮೂವತ್ತೊಂದನೇ ತಿಂಗಳಲ್ಲಿ ಆ ಆಸ್ಪತ್ರೆ ತನ್ನ ಎಲ್ಲ ಶಾಖೆಗಳಿಗೆ ಒಂದೇ ಯಂತ್ರ ಕೊಳ್ಳಲು ನಿರ್ಧರಿಸಿ, ಎರಡು ಕಂಪನಿಗಳನ್ನು ಪರೀಕ್ಷೆಗೆ ಕರೆಯಿತು. ರೋಗಿಗಳಿಗೆ ತೊಂದರೆಯಾಗದ ಸಮಯ ಸೂಚಿಸಿ ಎಂದು ಮುಖ್ಯ ಎಂಜಿನಿಯರು ಇಬ್ಬರಿಗೂ ಬರೆದರು. ಮಗಳು ಬೆಳಿಗ್ಗೆ ಐದು ಗಂಟೆ ಎಂದು ಸೂಚಿಸಿದಳು. ಷಡ್ಡಕ ನಾಲ್ಕು ನಿಮಿಷದಲ್ಲಿ ಒಪ್ಪಿದ.

ಪರೀಕ್ಷೆಯ ಹಿಂದಿನ ಭಾನುವಾರ ಅಡುಗೆಮನೆಯ ಮೇಜಿನ ಬಳಿ ತಂದೆ ಮತ್ತು ಮಗಳು ಜಗಳವಾಡಿದರು.

“ಅವರದ್ದು ಇನ್ನೂ ಹಳೇ ಸದ್ದಿನ ಮೇಲೇ ನಡೀತಿದೆ ಅಂತ ನಿನಗೆ ಗ್ಯಾರಂಟಿನಾ?”

“ಎರಡು ಕಟ್ಟಡದಲ್ಲಿ ನಾನೇ ಹೋಗಿ ನೋಡಿದೀನಿ. ಬೆಳಿಗ್ಗೆ ಎಲ್ಲಾ ಹಸಿರು.”

“ಹೇಳಿದೆಯಾ ಅವರಿಗೆ?”

“ಬರೆದಿದೀನಲ್ಲಪ್ಪ. ಹನ್ನೊಂದನೇ ಪತ್ರ, ನಾಲ್ಕನೇ ಪ್ಯಾರಾ.”

“ಓದಿದಾರಾ?”

“ಓದೋದು ಅವರ ಕೆಲಸ. ತುತ್ತು ಮಾಡಿ ತಿನ್ನಿಸೋಕೆ ನಾನೇನು ಅವರ ಅಮ್ಮನಾ?”

ತಂದೆ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. “ಆ ಸಾಹೇಬ ನನ್ನ ನೋಡಿ ನಕ್ಕ, ಸರಿ. ಅವನ ಲಿಫ್ಟಲ್ಲಿ ಓಡಾಡೋ ಅಜ್ಜಿ ನಕ್ಕಿಲ್ಲ ಕಣೇ. ಗರ್ಭಿಣಿ ಹೆಂಗಸು ನಕ್ಕಿಲ್ಲ. ಎಷ್ಟು ಕಟ್ಟಡ?”

“ಇನ್ನೂರ ಹನ್ನೆರಡು ಅಂತಾರೆ. ಯಾವ್ಯಾವುದು ಅಂತ ಹೊರಗೆ ಬಿಡಲ್ಲ. ಈಗ ಹೇಳಿದ್ರೆ ರಾತ್ರೋರಾತ್ರಿ ನಮ್ಮ ಹೊಸ ಯಂತ್ರಾನೂ ಎತ್ಕೊಂಡು ಹೋಗ್ತಾರೆ, ಹಳೇದನ್ನ ಮುಚ್ಚಿಹಾಕ್ತಾರೆ. ಪರೀಕ್ಷೆ ಒಂದು ಮುಗೀಲಿ. ಪಟ್ಟಿ ನಿನ್ನ ಕೈಗೆ ತಂದುಕೊಡ್ತೀನಿ.”

“ಎಲ್ಲಿಂದ ತರ್ತೀಯ?”

“ಅವರ ಕೈಯಿಂದಲೇ.”

ತಂದೆ ಲೋಟವನ್ನು ಪಕ್ಕಕ್ಕೆ ಸರಿಸಿದರು. “ಕೊಡಲಿಲ್ಲ ಅಂದ್ರೆ ನಾನೇ ಮನೆಮನೆಗೆ ಹೋಗಿ ಬಾಗಿಲು ತಟ್ತೀನಿ,” ಎಂದು ಎದ್ದು ಹೋದರು.

ಪರೀಕ್ಷೆಗೆ ಆಸ್ಪತ್ರೆ ಆರು ಲಿಫ್ಟುಗಳನ್ನು ಕೊಟ್ಟಿತ್ತು. ಮೂರನೆಯದರ ಮೋಟಾರಿನ ಬೇರಿಂಗು ಹೋಗಿದೆ ಎಂಬುದು ಮುಖ್ಯ ಎಂಜಿನಿಯರಿಗೆ ಗೊತ್ತಿತ್ತು. ಹೊಸ ಬಿಡಿಭಾಗ ತರಿಸಿ ಕಪಾಟಿನಲ್ಲಿ ಇಟ್ಟುಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ. ಮೋಟಾರು ಹೆಚ್ಚು ಬಿಸಿಯಾದರೆ ಲಿಫ್ಟು ತಾನಾಗಿಯೇ ನಿಲ್ಲುತ್ತದೆ, ಬೀಳುವುದಿಲ್ಲ.

ನೋಡೋಣ ಸಾಹೇಬರು ಅಂದು ಪಿಂಚಣಿ ನಿಧಿಯ ಅಧಿಕಾರಿಯನ್ನು ಜೊತೆಗೆ ಕರೆತಂದಿದ್ದರು. ಅವರ ಮುಂದಿನ ಬಂಡವಾಳಕ್ಕೆ ಈಕೆ ಸೋಮವಾರ ಸಹಿ ಹಾಕಬೇಕಿತ್ತು. ಐದೂ ನಲವತ್ತಕ್ಕೆ, ಎಲ್ಲರೂ ನಾಲ್ಕನೇ ಮಹಡಿಯಲ್ಲಿ ನಿಂತಿದ್ದಾಗ, ಫಲಿತಾಂಶ ಬಂತು. ಷಡ್ಡಕನ ಯಂತ್ರ ಆರಕ್ಕೂ ಹಸಿರು ತೋರಿಸಿತ್ತು. ಮಗಳ ಯಂತ್ರ ಐದಕ್ಕೆ ಹಸಿರು, ಮೂರನೆಯದಕ್ಕೆ ಕೆಂಪು.

“ಕೆಂಪಾ?” ಷಡ್ಡಕ ನಕ್ಕ. “ಇವರಪ್ಪ ಗೋಡೆಗೆ ಕಿವಿ ಕೊಟ್ಟು ಹೇಳಿದ್ರಾ?”

ಸಾಹೇಬರೂ ನಕ್ಕರು. ಸ್ವಲ್ಪ ದೂರದಲ್ಲಿ ಕೈಚೀಲ ಹಿಡಿದು ನಿಂತಿದ್ದ ತಂದೆ ನೆಲ ನೋಡಿದರು.

“ನಮ್ಮ ಯಂತ್ರ ಕೆಂಪು ತೋರಿಸ್ತಿದೆ ಸಾರ್. ಅದರಲ್ಲಿ ಹೋಗಬೇಡಿ,” ಎಂದಳು ಮಗಳು. ಒಂದೇ ಸಲ ಹೇಳಿದಳು, ಸಾಕ್ಷಿಗೆ ಎಂಜಿನಿಯರ ಕಡೆ ನೋಡಿದಳು.

“ಭಾವ, ಬನ್ನಿ. ಮೇಡಂ, ನೀವೂ ಬನ್ನಿ,” ಎಂದ ಷಡ್ಡಕ. “ನಮ್ಮ ಮಾಲಿನ ಮೇಲೆ ನಮಗೆ ಎಷ್ಟು ನಂಬಿಕೆ ಇದೆ ನೋಡಿ.” ಮೂವರೂ ಒಳಗೆ ಹೋದರು. ಒಂಬತ್ತನೇ ಮಹಡಿಯವರೆಗೆ ಮೂರು ಸಲ ಹತ್ತಿ ಇಳಿದರು. ನಾಲ್ಕನೇ ಸಲ ಲಿಫ್ಟು ನಿಂತಿತು.

ಮೊದಲು ಬಾಗಿಲು ಬಡಿಯುವ ಸದ್ದು ಕೇಳಿತು. ಆಮೇಲೆ ಗೋಡೆಯ ಮೇಲಿದ್ದ ಒಳಫೋನು ಹೊಡೆದುಕೊಂಡಿತು. ಎಂಜಿನಿಯರು ತಂದೆಯತ್ತ ತಿರುಗಿದರು. “ನಮ್ಮ ಹುಡುಗರು ಆರೂವರೆಗೆ ಬರೋದು. ನೀವು ಒಂದು ಕೈ ನೋಡ್ತೀರಾ?” ತಂದೆ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಮೇಲಿನ ಯಂತ್ರದ ಕೋಣೆಗೆ ಆರು ಮಹಡಿ ಹತ್ತಬೇಕಿತ್ತು; ಅವರಿಗೆ ಅರವತ್ತೆರಡು ವರ್ಷ.

ಮಗಳು ಫೋನು ಎತ್ತಿಕೊಂಡಳು.

“ಹಲೋ, ಯಾರದು? ಉಸಿರು ಕಟ್ತಾ ಇದೆ! ಇನ್ನೂ ಎಷ್ಟು ಹೊತ್ತು?” ಸಾಹೇಬರ ದನಿ.

“ನೋಡೋಣ ಸಾರ್,” ಎಂದು ಅವಳು ಫೋನು ಇಟ್ಟಳು.

ಎಂಜಿನಿಯರು ಕೆಮ್ಮಿ ಮುಖ ಆ ಕಡೆ ತಿರುಗಿಸಿಕೊಂಡರು.

ತಂದೆ ಬ್ರೇಕು ಸಡಿಲಿಸಿ, ಮೋಟಾರಿನ ಗಾಲಿಯನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ನಾಲ್ಕನೇ ಮಹಡಿಗೆ ಇಳಿಸಿದರು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಬಾಗಿಲು ತೆರೆದಾಗ ಷಡ್ಡಕನ ಅಂಗಿ ಬೆನ್ನಿಗೆ ಅಂಟಿತ್ತು. ಪಿಂಚಣಿ ಅಧಿಕಾರಿ ಒಂದು ಲೋಟ ನೀರು ಕುಡಿದು, ನೇರವಾಗಿ ಮಗಳ ಹತ್ತಿರ ಬಂದರು.

“ನಿಮ್ಮದು ಹೇಗೆ ಸರಿ ಹೇಳ್ತು? ಅವರದ್ದು ಯಾಕೆ ತಪ್ಪಿತು?”

ಮಗಳು ಚೀಲದಿಂದ ಒಂದೂವರೆ ಪುಟದ ಕಾಗದ ತೆಗೆದಳು. ಅಧಿಕಾರಿ ನಿಂತಲ್ಲೇ ಓದಿದರು. ಪೂರ್ತಿ ಓದಲು ಐದು ನಿಮಿಷ ಬೇಕಾಯಿತು.

“ಇದು ನಿಮಗೆ ಬಂದಿತ್ತಾ?” ಎಂದು ಸಾಹೇಬರನ್ನು ಕೇಳಿದರು.

“ಮೇಡಂ, ದಿನಾ ಇಂಥವು ನೂರಾರು ಬರುತ್ತವೆ. ಕಣ್ಣು ತಪ್ಪಿ...”

“ಉತ್ತರ ಕೊಟ್ಟಿದೀರಲ್ಲ. ಎರಡು ನಿಮಿಷಕ್ಕೆ. ಹೆಬ್ಬೆರಳು.” ಹಾಳೆಯ ಕೆಳಗೆ ಅದೂ ಅಚ್ಚಾಗಿತ್ತು. “ಸರಿ. ಇವತ್ತು ಆಗಿದ್ದೂ ಇದೇ ತಪ್ಪು. ಇವರು ಕೈಬಿಟ್ಟ ಧ್ವನಿಗಳು ನಿಮ್ಮ ಷಡ್ಡಕರ ಯಂತ್ರಕ್ಕೆ ಹೇಗೆ ಹೋದವು?”

“ಅದು ನಮ್ಮದೇ ಸಂಗ್ರಹ,” ಎಂದ ಷಡ್ಡಕ.

ಮಗಳು ಫೋನಿನಲ್ಲಿ ಆ ಜಾಹೀರಾತನ್ನು ಹಾಕಿದಳು. ಹನ್ನೊಂದನೇ ಸೆಕೆಂಡಿನಲ್ಲಿ ಲಿಫ್ಟು ಓಡಿತು, ಗಂಟಲು ಸರಿಯಾಯಿತು, “ಹ್ಞಾಂ, ಆಯ್ತು, ಬಾಗಿಲು ಹಾಕು.” ಅದೇ ಹೊತ್ತಿಗೆ ಮೆಟ್ಟಿಲಿಳಿದು ಬಂದ ತಂದೆ, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ಗಂಟಲು ಸರಿಮಾಡಿಕೊಂಡು ಎಂಜಿನಿಯರಿಗೆ ಹೇಳಿದರು: “ಹ್ಞಾಂ, ಆಯ್ತು ಸಾರ್. ಮೋಟಾರಿನ ಬೇರಿಂಗು. ಬೀಗ ಹಾಕಿಸಿಬಿಡಿ.”

ಅಧಿಕಾರಿ ಅವರನ್ನು ನೋಡಿದರು. ಮತ್ತೆ ಫೋನು ನೋಡಿದರು. ಆ ಕಾಗದವನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಸೋಮವಾರ ಪಿಂಚಣಿ ನಿಧಿ ಸಹಿಯನ್ನು ತಡೆಹಿಡಿಯಿತು. ಬುಧವಾರ ನೋಡೋಣ ಸಾಹೇಬರು ಮೆಕ್ಯಾನಿಕ್ಕನ ಮಗಳ ಕಚೇರಿಗೆ ಬಂದರು. ಅದು ಬೀಗದಂಗಡಿಯ ಮೇಲಿನ ಎರಡು ಕೋಣೆ, ಲಿಫ್ಟಿಲ್ಲ. ಎರಡೂ ಕಂಪನಿ ಸೇರಿಸೋಣ, ನೀವೇ ಮುಖ್ಯಸ್ಥರಾಗಿ, ನಿಧಿಯವರಿಗೆ ಅದನ್ನು ತೋರಿಸಿದರೆ ಸಹಿ ಆಗುತ್ತದೆ ಎಂದರು.

“ಮೊದಲು ನಿಮ್ಮ ಕಡೆಯ ಲೆಕ್ಕಪತ್ರ ನೋಡಬೇಕು ಸಾರ್. ಪರಿಶೀಲನೆಗೆ,” ಎಂದಳು ಮಗಳು.

ಎರಡನೇ ಭೇಟಿಗೆ ಯಂತ್ರದ ನಕ್ಷೆ ಕೇಳಿದಳು. ಅದು ಅವಳದೇ ನಕ್ಷೆ. ಅಂಚಿನಲ್ಲಿ ಅವಳದೇ ಕೈಬರಹವಿತ್ತು. ಮೂರನೇ ಭೇಟಿಗೆ ಗಿರಾಕಿಗಳ ಪಟ್ಟಿ ಕೇಳಿದಳು. ಸಾಹೇಬರು ಒಂದು ಕ್ಷಣ ತಡೆದರು. ಅವಳು ಪೇಪರ್ ಲೋಟದಲ್ಲಿ ನೀರು ಕೊಟ್ಟಳು. ಸಂಜೆಯೊಳಗೆ ಇನ್ನೂರ ಹನ್ನೆರಡು ಕಟ್ಟಡಗಳ ವಿಳಾಸ ಬಂತು. ರಾತ್ರಿ ಊಟಕ್ಕೆ ಕೂತಾಗ ಅವಳು ಅದನ್ನು ತಂದೆಯ ತಟ್ಟೆಯ ಪಕ್ಕ ಇಟ್ಟಳು.

“ತಗೋ. ಅವರ ಕೈಯಿಂದಲೇ.”

ತಂದೆ ಹಾಳೆಗಳನ್ನು ತಿರುವಿದರು. “ಅವರಿಗೆ ಏನಂತ ಹೇಳ್ದೆ?”

“ಏನೂ ಹೇಳಿಲ್ಲ. ಮೂಗಿಗೆ ತುಪ್ಪ ಇದೆ, ನೆಕ್ಕುತ್ತಾ ಇರಲಿ.”

ತಂದೆ ನಗಲಿಲ್ಲ. “ನಿನ್ನ ಹೊಟ್ಟೆ ತಣ್ಣಗಾಯ್ತಾ?”

“ಇನ್ನೂ ಇಲ್ಲ,” ಎಂದಳು ಮಗಳು.

ಮರುದಿನದಿಂದ ತಂದೆ ಇಬ್ಬರು ಹಳೆಯ ಸಹೋದ್ಯೋಗಿಗಳೊಂದಿಗೆ ಪಟ್ಟಿ ಹಿಡಿದು ಹೊರಟರು, ದಿನಕ್ಕೆ ಹತ್ತು ಕಟ್ಟಡ. ಮೊದಲ ವಾರದಲ್ಲಿ ಒಂಬತ್ತು ಲಿಫ್ಟುಗಳನ್ನು ನಿಲ್ಲಿಸಿದರು. ಕಟ್ಟಡಗಳವರು ಷಡ್ಡಕನ ಯಂತ್ರಗಳನ್ನು ಕಿತ್ತು ಪೆಟ್ಟಿಗೆಗೆ ತುಂಬಿ ವಾಪಸು ಕಳಿಸತೊಡಗಿದರು. ಆ ಶುಕ್ರವಾರ ನೋಡೋಣ ಸಾಹೇಬರು ಮಗಳಿಗೆ ನಾಲ್ಕು ಪುಟದ ಪತ್ರ ಬರೆದರು. ಅದರಲ್ಲಿ ಕ್ಷಮೆ ಎಂಬ ಪದ ಮೂರು ಸಲ ಇತ್ತು. ಎರಡು ನಿಮಿಷಕ್ಕೆ ಅವರಿಗೆ ಉತ್ತರ ಬಂತು: ಒಂದು ಹೆಬ್ಬೆರಳು.

ಪಟ್ಟಿಯ ಎಂಬತ್ತೇಳನೇ ವಿಳಾಸ ಹನ್ನೆರಡು ಮಹಡಿಯ ಕಚೇರಿ ಕಟ್ಟಡ. ಅಲ್ಲಿಗೆ ಮಗಳೂ ಬಂದಳು. ಬೆಳಿಗ್ಗೆ ಒಂಬತ್ತೂವರೆ, ಕೆಲಸಕ್ಕೆ ಬಂದವರು ಸಾಲಾಗಿ ನಿಂತಿದ್ದರು. ತಂದೆ ಎಲ್ಲರ ಎದುರಿಗೇ ಕೈಚೀಲದಿಂದ ಉದ್ದನೆಯ ಸ್ಕ್ರೂಡ್ರೈವರು ತೆಗೆದು, ತುದಿಯನ್ನು ಲಿಫ್ಟಿನ ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದರು. ಯಾರೋ ಫೋನು ಎತ್ತಿ ವಿಡಿಯೋ ಮಾಡಿದರು. ತಂದೆ ಲಿಫ್ಟಿನಲ್ಲಿ ಹನ್ನೆರಡು ಮಹಡಿ ಹತ್ತಿ ಇಳಿದರು.

“ಎಡಗಡೆ ಪಟ್ಟಿ,” ಎಂದು ಕಟ್ಟಡದ ವ್ಯವಸ್ಥಾಪಕರಿಗೆ ಹೇಳಿದರು. “ಮೂರು ವರ್ಷದ ಹಿಂದೆನೇ ಹೇಳಿದ್ದೆ. ಗ್ರೀಸು ಬಳಿದು ಸದ್ದು ಮುಚ್ಚಿದಾರೆ. ಈಗ ಕಂಬೀನೇ ಕೆರೆದಿದೆ.”

ಲಿಫ್ಟಿಗೆ ಬೀಗ ಹಾಕಿ ಬೋರ್ಡು ತೂಗುಹಾಕಿದರು. ದುರಸ್ತಿಗೆ ಹದಿನೆಂಟು ದಿನ ಹಿಡಿಯಿತು. ನೋಡೋಣ ಸಾಹೇಬರ ಕಚೇರಿ ಹನ್ನೆರಡನೇ ಮಹಡಿಯಲ್ಲಿದೆ. ಆ ಕಟ್ಟಡಕ್ಕೆ ಇರುವುದು ಒಂದೇ ಲಿಫ್ಟು.